ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಕೃತಕ ಮಸೂರದ ತೊಡಕುಗಳು

ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಅಕ್ಷಿಪಟಲ ರೋಗವುಳ್ಳವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಡೆದ ಬಳಿಕ, ಕಣ್ಣಿನೊಳಗೆ ಇರಿಸಿದ ಕೃತಕ ಮಸೂರಕ್ಕೆ ಸಂಬಂಧಿಸಿದಂತೆ ಕಾಣಿಸಿಕೊಳ್ಳಬಹುದಾದ ತೊಂದರೆಗಳನ್ನು ಈ ಲೇಖನ ವಿವರಿಸುತ್ತದೆ. ಮಸೂರದ ಚೀಲದ ಹಿಂಬದಿ ಮಸುಕಾಗುವುದು, ಚೀಲದ ಮುಂಬದಿಯ ಕಿಂಡಿ ಸಂಕುಚಿಸುವುದು, ಮಸೂರವನ್ನು ಹಿಡಿದಿರುವ ತಂತುಗಳು ಸಡಿಲಗೊಂಡು ಮಸೂರ ಓರೆಯಾಗುವುದು ಅಥವಾ ಜಾರಿ ಬೀಳುವುದು, ಹಾಗೂ ಅಕ್ಷಿಪಟಲದ ನಡುಭಾಗದಲ್ಲಿ ಬಾವು ಕಟ್ಟುವುದು ಇವುಗಳಲ್ಲಿ ಮುಖ್ಯವಾದವು. ಇವು ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಯಾರಿಗಾದರೂ ಬರಬಹುದಾದ ತೊಡಕುಗಳೇ. ಆದರೆ ಈ ರೋಗವುಳ್ಳವರಲ್ಲಿ ಅವು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ತೀವ್ರವಾಗಿ ಮತ್ತು ಕೆಲವೊಮ್ಮೆ ಶಸ್ತ್ರಚಿಕಿತ್ಸೆಯಾಗಿ ಅನೇಕ ವರ್ಷಗಳು ಕಳೆದ ಮೇಲೆ ಕಂಡುಬರುತ್ತವೆ.

ಈ ವಿಷಯಕ್ಕೆ ಪ್ರತ್ಯೇಕ ಮಹತ್ತ್ವವಿರುವುದಕ್ಕೆ ಒಂದು ಕಾರಣವಿದೆ. ರೆಟಿನೈಟಿಸ್ ಪಿಗ್ಮೆಂಟೋಸಾದಿಂದ ಕಳೆದುಹೋದ ದೃಷ್ಟಿಯನ್ನು ಮರಳಿ ತರುವ ಚಿಕಿತ್ಸೆ ಬಹುಪಾಲು ರೋಗಿಗಳಿಗೆ ಇನ್ನೂ ಲಭ್ಯವಿಲ್ಲ. ಆದರೆ ಕೃತಕ ಮಸೂರದ ತೊಡಕಿನಿಂದ ಮಂಕಾದ ದೃಷ್ಟಿಯನ್ನು ಬಹಳಷ್ಟು ಸಂದರ್ಭಗಳಲ್ಲಿ ಸರಿಪಡಿಸಬಹುದು. ಎರಡಕ್ಕೂ ರೋಗಿ ಹೇಳುವ ಮಾತು ಮಾತ್ರ ಒಂದೇ: ‘ಮೊದಲಿನಷ್ಟು ಕಾಣುತ್ತಿಲ್ಲ’.

ರೋಗದ ಹಿನ್ನೆಲೆ

ಕಣ್ಣಿನ ಹಿಂಬದಿಯ ಒಳಗೋಡೆಯನ್ನು ಆವರಿಸಿರುವ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಕೋಶಗಳಿವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಅಂಚಿನ ಭಾಗಗಳಲ್ಲಿ ದಟ್ಟವಾಗಿವೆ. ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಗುರುತಿಸುವ ಶಂಕುಕೋಶಗಳು ಮ್ಯಾಕ್ಯುಲಾ ಎಂಬ ನಡುಭಾಗದಲ್ಲಿ ಕೇಂದ್ರೀಕೃತವಾಗಿವೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಮೊದಲು ದಂಡಕೋಶಗಳು, ಅನಂತರ ಶಂಕುಕೋಶಗಳು ನಶಿಸುತ್ತ ಹೋಗುತ್ತವೆ. ಆದ್ದರಿಂದ ಇರುಳುಗುರುಡು ಮೊದಲ ಲಕ್ಷಣವಾಗಿ ಕಾಣಿಸಿಕೊಂಡು, ನಂತರ ಅಕ್ಕಪಕ್ಕದ ದೃಷ್ಟಿ ಕುಗ್ಗುತ್ತ, ಕೊನೆಗೆ ಕೊಳವೆಯೊಳಗಿಂದ ನೋಡಿದಂತೆ ನಡುವಿನ ಒಂದಿಷ್ಟು ದೃಷ್ಟಿ ಮಾತ್ರ ಉಳಿಯುತ್ತದೆ. ಈ ನಡುವಿನ ದೃಷ್ಟಿ ಅನೇಕರಲ್ಲಿ ಐವತ್ತು ಅರುವತ್ತರ ವಯಸ್ಸಿನವರೆಗೂ ಉಳಿದುಕೊಂಡಿರುತ್ತದೆ. ಓದು, ಬರಹ, ಎದುರಿಗಿರುವವರ ಮುಖ ಗುರುತಿಸುವಿಕೆ ಎಲ್ಲವೂ ಅದನ್ನೇ ಅವಲಂಬಿಸಿವೆ.

ಜಗತ್ತಿನಾದ್ಯಂತ ಸುಮಾರು 4000 ಜನರಲ್ಲಿ ಒಬ್ಬರಿಗೆ ಈ ರೋಗವಿದೆ ಎಂದು ಅಂದಾಜಿಸಲಾಗಿದೆ. ದಕ್ಷಿಣ ಮತ್ತು ಮಧ್ಯ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಇದಕ್ಕಿಂತ ಹೆಚ್ಚಿನ ಪ್ರಮಾಣ ಕಂಡುಬಂದಿದೆ. ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಸೋದರಮಾವ, ಸೋದರತ್ತೆಯ ಮಗ ಮುಂತಾದ ರಕ್ತಸಂಬಂಧಿಗಳೊಡನೆ ನಡೆಯುವ ಮದುವೆಗಳು, ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಮಾತ್ರ ಪ್ರಕಟವಾಗುವ ಬಗೆಯ ರೋಗಗಳಿಗೆ ದಾರಿ ಮಾಡಿಕೊಡುತ್ತವೆ. ಈ ರೋಗದ ಹಲವು ಪ್ರಭೇದಗಳು ಆ ಗುಂಪಿಗೆ ಸೇರಿವೆ. ಉಳಿದವು ಒಬ್ಬರೇ ಪಾಲಕರಿಂದ ಬರುವಂಥವು ಮತ್ತು ಎಕ್ಸ್ ವರ್ಣತಂತುವಿನ ಮೂಲಕ ತಾಯಿಯಿಂದ ಗಂಡುಮಕ್ಕಳಿಗೆ ಬರುವಂಥವು. ಈ ರೋಗಕ್ಕೆ ಕಾರಣವಾಗುವ ಮೊದಲ ಜೀನ್ ದೋಷ, ರೊಡಾಪ್ಸಿನ್ ಎಂಬ ಪ್ರೋಟೀನಿಗೆ ಸಂಬಂಧಿಸಿದ್ದು, 1990ರಲ್ಲಿ ಪತ್ತೆಯಾಯಿತು. ಈಗ ಅಂತಹ ಜೀನ್‌ಗಳ ಸಂಖ್ಯೆ ಎಂಬತ್ತನ್ನು ದಾಟಿದೆ.

ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು ಪ್ರಕಟಪಡಿಸಿದ ಕೆಲವೇ ವರ್ಷಗಳಲ್ಲಿ ನೆದರ್ಲೆಂಡ್ಸ್‌ನ ವೈದ್ಯ ಫ್ರಾನ್ಸಿಸ್ಕಸ್ ಡಾಂಡರ್ಸ್ ಈ ರೋಗಕ್ಕೆ ಈಗಿನ ಹೆಸರನ್ನು ಕೊಟ್ಟನು. ‘ಐಟಿಸ್’ ಎಂಬ ಪ್ರತ್ಯಯ ಉರಿಯೂತವನ್ನು ಸೂಚಿಸುವುದರಿಂದ ಹೆಸರೇ ತಪ್ಪೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದಿವೆ. ರೋಗದ ಮೂಲ ಕಾರಣ ಉರಿಯೂತವಲ್ಲ ಎಂಬ ಅರ್ಥದಲ್ಲಿ ಈ ಮಾತು ಸರಿ. ಆದರೆ ಈ ರೋಗಿಗಳ ಕಣ್ಣಿನೊಳಗೆ ಮಂದವಾದ, ದೀರ್ಘಕಾಲದ ಉರಿಯೂತ ಇರುತ್ತದೆಂಬುದು ಇತ್ತೀಚಿನ ಸಂಶೋಧನೆಗಳಿಂದ ತಿಳಿದುಬಂದಿದ್ದು, ಕೆಳಗೆ ವಿವರಿಸಲಾಗುವ ತೊಡಕುಗಳಲ್ಲಿ ಹೆಚ್ಚಿನವಕ್ಕೆ ಅದರ ನಂಟಿದೆ ಎಂದು ಭಾವಿಸಲಾಗಿದೆ. ಡಾಂಡರ್ಸನ ಹೆಸರು ಅಷ್ಟೇನೂ ತಪ್ಪಾಗಿರಲಿಲ್ಲ ಎನ್ನಬಹುದು.

ಪೊರೆ ಬರುವ ಬಗೆ

ಈ ರೋಗವುಳ್ಳವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಪೊರೆ ಬರುತ್ತದೆ. ವಯೋಸಹಜವಾದ ಪೊರೆಗಿಂತ ಇದು ಎರಡು ರೀತಿಯಲ್ಲಿ ಭಿನ್ನವಾದುದು. ಮೊದಲನೆಯದಾಗಿ, ಇದು ಬೇಗ ಬರುತ್ತದೆ. ಮೂವತ್ತು ನಲವತ್ತರ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಎರಡನೆಯದಾಗಿ, ಇದು ಮಸೂರದ ತಿರುಳಿನಲ್ಲಿ ಹಬ್ಬುವ ಬದಲು, ಮಸೂರದ ಹಿಂಬದಿಯ ಪದರದ ಒಳಮಗ್ಗುಲಿಗೆ, ನಟ್ಟನಡುವೆ ಬಿಲ್ಲೆಯಂತೆ ಕಟ್ಟುತ್ತದೆ. ಬೆಳಕಿನ ಕಿರಣಗಳೆಲ್ಲ ಒಟ್ಟುಗೂಡುವ ಜಾಗಕ್ಕೆ ಹತ್ತಿರವಾಗಿರುವುದರಿಂದ ಸಣ್ಣ ಕಲೆಯೂ ದೊಡ್ಡ ತೊಂದರೆ ಕೊಡುತ್ತದೆ. ಬಿಸಿಲಿನಲ್ಲಿ ಕಣ್ಣಿನ ಪಾಪೆ ಕಿರಿದಾದಾಗ ಬೆಳಕು ಆ ಕಲೆಯ ಮೂಲಕವೇ ಹಾದುಹೋಗಬೇಕಾಗುತ್ತದೆ. ಪರಿಣಾಮವಾಗಿ ಇರುಳಿನಲ್ಲಿ ರೋಗದ ಕಾರಣದಿಂದ ಕಾಣದವರಿಗೆ, ನಡುಹಗಲಿನಲ್ಲಿ ಪೊರೆಯ ಕಾರಣದಿಂದ ಕಣ್ಣು ಕೋರೈಸಿ ಕಾಣದಂತಾಗುತ್ತದೆ.

ಅಂಚಿನ ದೃಷ್ಟಿಯನ್ನು ಈಗಾಗಲೇ ಕಳೆದುಕೊಂಡವರಿಗೆ ಉಳಿದಿರುವುದು ನಡುವಿನ ದೃಷ್ಟಿ. ಪೊರೆ ಕಟ್ಟುವುದೂ ಸರಿಯಾಗಿ ನಡುವಿನಲ್ಲಿಯೇ. ಆದ್ದರಿಂದ ಸಾಮಾನ್ಯ ಕಣ್ಣಿನಲ್ಲಿ ಇನ್ನೂ ಕಾಯಬಹುದೆನಿಸುವಷ್ಟು ಚಿಕ್ಕ ಪೊರೆಗೂ ಇವರಲ್ಲಿ ಶಸ್ತ್ರಚಿಕಿತ್ಸೆ ಅಗತ್ಯವೆನಿಸಬಹುದು. ‘ಹೇಗೂ ಅಕ್ಷಿಪಟಲವೇ ಕೆಟ್ಟಿದೆ, ಪೊರೆ ತೆಗೆದು ಏನು ಪ್ರಯೋಜನ’ ಎಂಬ ಮಾತು ಹಿಂದೆ ವೈದ್ಯರಲ್ಲಿಯೂ ಕೇಳಿಬರುತ್ತಿತ್ತು. ಮ್ಯಾಕ್ಯುಲಾ ಇನ್ನೂ ಕೆಲಸ ಮಾಡುತ್ತಿರುವವರಲ್ಲಿ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಂದ ನೋಟ ಸುಧಾರಿಸುತ್ತದೆಂದು ಅಧ್ಯಯನಗಳು ತೋರಿಸಿದ ಮೇಲೆ ಆ ಅಭಿಪ್ರಾಯಕ್ಕೆ ಆಧಾರವಿಲ್ಲದಂತಾಗಿದೆ.

ಕೃತಕ ಮಸೂರ ಕಣ್ಣಿನಲ್ಲಿ ನೆಲೆಗೊಳ್ಳುವ ರೀತಿ

ತೊಡಕುಗಳನ್ನು ಅರ್ಥಮಾಡಿಕೊಳ್ಳಲು ಮಸೂರ ಕಣ್ಣಿನಲ್ಲಿ ಹೇಗೆ ನಿಂತಿದೆ ಎಂಬುದನ್ನು ತಿಳಿಯಬೇಕು. ನಿಸರ್ಗದತ್ತ ಮಸೂರವು ಅತಿ ತೆಳುವಾದ, ಪಾರದರ್ಶಕವಾದ ಚೀಲವೊಂದರ ಒಳಗಿದೆ. ಈ ಚೀಲದ ಸುತ್ತಲಿನ ಅಂಚಿನಿಂದ ನೂರಾರು ಸೂಕ್ಷ್ಮ ತಂತುಗಳು ಹೊರಟು ಸಿಲಿಯರಿ ಕಾಯ ಎಂಬ ಸ್ನಾಯುವಿನ ಬಳೆಗೆ ಸೇರಿಕೊಂಡಿವೆ. ಹದಿನೆಂಟನೆಯ ಶತಮಾನದ ಜರ್ಮನ್ ಅಂಗರಚನಾಶಾಸ್ತ್ರಜ್ಞ ಯೋಹಾನ್ ಗಾಟ್‌ಫ್ರೀಡ್ ಝಿನ್ನನ ಹೆಸರಿನಿಂದ ಇವು ಕರೆಯಲ್ಪಡುತ್ತವೆ; ಈ ಲೇಖನದಲ್ಲಿ ತೂಗುತಂತುಗಳು ಎನ್ನಲಾಗಿದೆ. ಚಪ್ಪರವನ್ನು ಸುತ್ತಲಿಂದ ಹಗ್ಗಗಳು ಬಿಗಿದು ನಿಲ್ಲಿಸಿದಂತೆ ಇವು ಮಸೂರವನ್ನು ಪಾಪೆಯ ಹಿಂದೆ ನಟ್ಟನಡುವೆ ನಿಲ್ಲಿಸಿವೆ.

ಇಂದಿನ ಶಸ್ತ್ರಚಿಕಿತ್ಸೆಯಲ್ಲಿ ಚೀಲದ ಮುಂಬದಿಯಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ದುಂಡನೆಯ ಕಿಂಡಿಯೊಂದನ್ನು ತೆಗೆದು, ಒಳಗಿನ ಮಸುಕಾದ ಮಸೂರವನ್ನು ಶಬ್ದಾತೀತ ಕಂಪನಗಳಿಂದ ಪುಡಿಮಾಡಿ ಹೀರಿ ತೆಗೆಯುತ್ತಾರೆ. ಫೇಕೋ ಎಂದು ಜನರು ಕರೆಯುವ ಈ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಬಳಕೆಗೆ ತಂದರು. ಖಾಲಿಯಾದ ಚೀಲದೊಳಗೆ ಮಡಚಿದ ಕೃತಕ ಮಸೂರವನ್ನು ತೂರಿಸಿದಾಗ ಅದು ಒಳಗೆ ಬಿಚ್ಚಿಕೊಂಡು, ತನ್ನ ಎರಡು ಬಾಗಿದ ತೋಳುಗಳಿಂದ ಚೀಲದ ಅಂಚನ್ನು ಒತ್ತಿಹಿಡಿದು ಕುಳಿತುಕೊಳ್ಳುತ್ತದೆ. ಅಂದರೆ ಕೃತಕ ಮಸೂರಕ್ಕೆ ಆಧಾರ ಚೀಲ. ಚೀಲಕ್ಕೆ ಆಧಾರ ತೂಗುತಂತುಗಳು.

ಮೊದಲ ಕೃತಕ ಮಸೂರವನ್ನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ 1949ರ ನವೆಂಬರ್ 29ರಂದು ರೋಗಿಯೊಬ್ಬರ ಕಣ್ಣಿನಲ್ಲಿ ಇರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನದ ಚಾಲಕರ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡಿದ್ದುದೇ ಅದಕ್ಕೆ ಪ್ರೇರಣೆ. ರಿಡ್ಲಿಯವರ ಮಸೂರಕ್ಕೆ ಈಗಿನಂತೆ ತೋಳುಗಳಿರಲಿಲ್ಲ. ಜಾಗ ಬಿಟ್ಟು ಜಾರುವುದು ಅದರ ದೊಡ್ಡ ದೋಷವಾಗಿತ್ತು. ಸಹೋದ್ಯೋಗಿಗಳ ತೀವ್ರ ವಿರೋಧವನ್ನು ಅವರು ದಶಕಗಳ ಕಾಲ ಎದುರಿಸಬೇಕಾಯಿತು.

ಭಾರತದಲ್ಲಿ ಕೃತಕ ಮಸೂರ ಜನಸಾಮಾನ್ಯರಿಗೆ ದೊರೆಯುವಂತಾದದ್ದು 1992ರಲ್ಲಿ ಮದುರೈನಲ್ಲಿ ಆರೋಲ್ಯಾಬ್ ಸ್ಥಾಪನೆಯಾಗಿ ಕಡಿಮೆ ಬೆಲೆಯ ಮಸೂರಗಳನ್ನು ತಯಾರಿಸತೊಡಗಿದ ಮೇಲೆ. ಅದಕ್ಕೂ ಮುನ್ನ, ಡಾ. ಎಂ. ಸಿ. ಮೋದಿಯವರ ಹೆಸರಿನೊಡನೆ ಕನ್ನಡಿಗರ ನೆನಪಿನಲ್ಲಿ ಉಳಿದಿರುವ ನೇತ್ರ ಶಿಬಿರಗಳ ಕಾಲದಲ್ಲಿ, ಮಸೂರವನ್ನು ಚೀಲದ ಸಮೇತ ಹೊರತೆಗೆದು ದಪ್ಪ ಗಾಜಿನ ಕನ್ನಡಕ ಕೊಡುವುದು ರೂಢಿಯಲ್ಲಿತ್ತು. ಆ ವಿಧಾನದಲ್ಲಿ ತೂಗುತಂತುಗಳು ದುರ್ಬಲವಾಗಿದ್ದಷ್ಟೂ ಶಸ್ತ್ರವೈದ್ಯರಿಗೆ ಅನುಕೂಲವಿತ್ತು. ಅವುಗಳನ್ನು ಕರಗಿಸುವುದಕ್ಕೆಂದೇ ಒಂದು ಕಿಣ್ವವನ್ನೂ ಬಳಸುತ್ತಿದ್ದರು. ಆದರೆ ದಪ್ಪ ಗಾಜು ನೋಟವನ್ನು ಕಾಲುಭಾಗಕ್ಕಿಂತ ಹೆಚ್ಚು ಹಿಗ್ಗಿಸಿ ತೋರಿಸುತ್ತದೆ ಮತ್ತು ಸುತ್ತ ಒಂದು ಕುರುಡು ಬಳೆಯನ್ನು ನಿರ್ಮಿಸುತ್ತದೆ. ಮೊದಲೇ ಕೊಳವೆಯಂತಾದ ದೃಷ್ಟಿಯುಳ್ಳವರಿಗೆ ನೋಟ ಹಿಗ್ಗಿದರೆ ಆ ಕಿರಿದಾದ ಕಿಂಡಿಯಲ್ಲಿ ಕಾಣುವ ಲೋಕ ಇನ್ನಷ್ಟು ಕಡಿಮೆಯಾಗುತ್ತದೆ. ಈ ದೃಷ್ಟಿಯಿಂದ ಕಣ್ಣಿನೊಳಗಿನ ಮಸೂರ ಇತರರಿಗಿಂತ ಇವರಿಗೆ ದೊಡ್ಡ ಉಪಕಾರವನ್ನೇ ಮಾಡಿದೆ.

ಚೀಲದ ಹಿಂಬದಿ ಮಸುಕಾಗುವಿಕೆ

ಶಸ್ತ್ರಚಿಕಿತ್ಸೆಯಲ್ಲಿ ಎಷ್ಟೇ ಶುಚಿಗೊಳಿಸಿದರೂ ಚೀಲದ ಒಳಗೋಡೆಯಲ್ಲಿ ಮಸೂರದ ಕೆಲವು ಜೀವಕೋಶಗಳು ಉಳಿದೇ ಇರುತ್ತವೆ. ಅವು ಬೆಳೆದು ಕೃತಕ ಮಸೂರದ ಹಿಂದಿನ ಪದರದ ಮೇಲೆ ಹಬ್ಬಿದಾಗ ನೋಟ ಮತ್ತೆ ಮಂಜಾಗುತ್ತದೆ. ‘ಮತ್ತೆ ಪೊರೆ ಬಂತು’ ಎಂದು ಜನರು ಹೇಳುವುದು ಇದನ್ನೇ. ವಾಸ್ತವವಾಗಿ ತೆಗೆದ ಪೊರೆ ಮರಳಿ ಬರುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಇದು ಹೆಚ್ಚು ಜನರಲ್ಲಿ ಮತ್ತು ಬೇಗನೆ ಕಾಣಿಸಿಕೊಳ್ಳುತ್ತದೆ. ರೋಗಿಗಳ ವಯಸ್ಸು ಕಡಿಮೆಯಿರುವುದರಿಂದ ಉಳಿದ ಜೀವಕೋಶಗಳಿಗೆ ಬೆಳೆಯುವ ಶಕ್ತಿ ಹೆಚ್ಚು. ಕಣ್ಣಿನೊಳಗಿನ ಉರಿಯೂತವೂ ಅದಕ್ಕೆ ಇಂಬುಕೊಡುತ್ತದೆ.

ಚಿಕಿತ್ಸೆ ಸರಳವಾದುದು. ಯಾಗ್ ಲೇಸರ್ ಕಿರಣದಿಂದ ಹಿಂಬದಿಯ ಪದರದಲ್ಲಿ ಸಣ್ಣ ತೆರಪು ಮಾಡುತ್ತಾರೆ. ಕಣ್ಣನ್ನು ಕೊಯ್ಯುವ ಅಗತ್ಯವಿಲ್ಲ, ಕೆಲವೇ ನಿಮಿಷಗಳ ಕೆಲಸ. ಕಣ್ಣಿನ ಒತ್ತಡ ತಾತ್ಕಾಲಿಕವಾಗಿ ಏರುವುದು, ಮ್ಯಾಕ್ಯುಲಾದಲ್ಲಿ ಬಾವು ಬರುವುದು, ಅಪರೂಪವಾಗಿ ಅಕ್ಷಿಪಟಲ ಕಳಚಿಕೊಳ್ಳುವುದು ಇದರ ಅಪಾಯಗಳು. ಮಸೂರ ಅಲುಗಾಡುತ್ತಿರುವ ಕಣ್ಣಿನಲ್ಲಿ ಲೇಸರ್ ಪ್ರಯೋಗಿಸುವ ಮುನ್ನ ವೈದ್ಯರು ಎರಡು ಬಾರಿ ಯೋಚಿಸುತ್ತಾರೆ. ಅಕ್ರಿಲಿಕ್ ವಸ್ತುವಿನ, ನೇರ ಚೂಪು ಅಂಚುಳ್ಳ ಮಸೂರಗಳು ಜೀವಕೋಶಗಳು ಹಬ್ಬುವುದನ್ನು ತಡೆಯುವುದರಿಂದ ಈ ತೊಂದರೆ ಹಿಂದಿಗಿಂತ ಕಡಿಮೆಯಾಗಿದೆ.

ಮುಂಬದಿಯ ಕಿಂಡಿ ಸಂಕುಚಿಸುವುದು

ಅಡಿಕೆ ಎಲೆ ಸಂಚಿಯ ಬಾಯಿಗೆ ಪೋಣಿಸಿದ ದಾರವನ್ನು ಎಳೆದರೆ ಬಾಯಿ ನೆರಿಗೆಗಟ್ಟಿ ಮುಚ್ಚಿಕೊಳ್ಳುತ್ತದೆ. ಮಸೂರದ ಚೀಲದಲ್ಲಿಯೂ ಇಂಥದೇ ಕ್ರಿಯೆ ನಡೆಯಬಹುದು. ಮುಂಬದಿಯಲ್ಲಿ ಮಾಡಿದ ದುಂಡನೆಯ ಕಿಂಡಿಯ ಅಂಚಿನಲ್ಲಿ ಉಳಿದ ಜೀವಕೋಶಗಳು ನಾರಿನಂಥ ಅಂಗಾಂಶವಾಗಿ ಮಾರ್ಪಟ್ಟು, ಗಾಯ ಮಾಯುವಾಗ ಚರ್ಮ ಎಳೆದುಕೊಳ್ಳುವ ಹಾಗೆ, ಎಳೆದುಕೊಳ್ಳುತ್ತವೆ. ಎಲ್ಲ ಕಣ್ಣುಗಳಲ್ಲಿಯೂ ಅಲ್ಪಸ್ವಲ್ಪ ಸಂಕೋಚ ಇದ್ದೇ ಇರುತ್ತದೆ. ಸುತ್ತಲಿನ ತೂಗುತಂತುಗಳು ಹೊರಮುಖವಾಗಿ ಸೆಳೆಯುವುದರಿಂದ ಅದು ಒಂದು ಹಂತದಲ್ಲಿ ನಿಲ್ಲುತ್ತದೆ. ತಂತುಗಳು ದುರ್ಬಲವಾದಲ್ಲಿ ಈ ಹಗ್ಗಜಗ್ಗಾಟದಲ್ಲಿ ಒಳಗಿನ ಸೆಳೆತವೇ ಗೆಲ್ಲುತ್ತದೆ: ಕಿಂಡಿ ದಿನೇ ದಿನೇ ಕಿರಿದಾಗಿ, ಬಿಳಿಯ ಗಟ್ಟಿ ಪದರವಾಗಿ, ವಿಪರೀತ ಸಂದರ್ಭಗಳಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ.

ಅಮೆರಿಕದ ಜೇಮ್ಸ್ ಡೇವಿಸನ್ 1993ರಲ್ಲಿ ಈ ಸ್ಥಿತಿಯನ್ನು ವಿವರಿಸಿ ಮಸೂರಚೀಲ ಸಂಕೋಚನದ ಲಕ್ಷಣಕೂಟವೆಂದು ಹೆಸರಿಸಿದರು. ರೆಟಿನೈಟಿಸ್ ಪಿಗ್ಮೆಂಟೋಸಾದ ಕಣ್ಣುಗಳಲ್ಲಿ ಕಿಂಡಿಯ ಸಂಕೋಚ ಇತರ ಕಣ್ಣುಗಳಿಗಿಂತ ಗಣನೀಯವಾಗಿ ಹೆಚ್ಚು ಎಂಬುದನ್ನು ಜಪಾನಿನ ಕೆನ್ ಹಯಾಶಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಬಹುಪಾಲು ಸಂಕೋಚ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ತಿಂಗಳುಗಳಲ್ಲಿಯೇ ನಡೆಯುತ್ತದೆ. ಆದ್ದರಿಂದ ‘ಆಪರೇಷನ್ ಚೆನ್ನಾಗಿ ಆಯಿತು, ಇನ್ನು ಬರಬೇಕಾಗಿಲ್ಲ’ ಎಂದು ಒಂದೇ ತಿಂಗಳಿಗೆ ತಪಾಸಣೆ ನಿಲ್ಲಿಸುವುದು ಈ ರೋಗಿಗಳ ವಿಷಯದಲ್ಲಿ ಸರಿಯಾದ ಕ್ರಮವಲ್ಲ.

ಸಂಕೋಚದಿಂದ ಆಗುವ ಹಾನಿ ಒಂದೆರಡಲ್ಲ. ಬಿಳಿಯ ಪದರ ಪಾಪೆಯ ದಾರಿಗೆ ಅಡ್ಡ ಬಂದು ನೋಟ ಮಸುಕಾಗುತ್ತದೆ. ಚೀಲದ ಒಂದು ಬದಿ ಹೆಚ್ಚು ಎಳೆದುಕೊಂಡರೆ ಮಸೂರ ಓರೆಯಾಗಿ, ಕನ್ನಡಕದ ಸಂಖ್ಯೆ ಬದಲಾಗಿ, ಅಕ್ಷರಗಳು ಎರಡೆರಡಾಗಿ ಕಾಣಬಹುದು. ಮೊದಲೇ ಬಲಗುಂದಿದ ತಂತುಗಳ ಮೇಲೆ ಎಡೆಬಿಡದ ಎಳೆತ ಬಿದ್ದು ಅವು ಇನ್ನಷ್ಟು ಹರಿಯುತ್ತವೆ. ಹೀಗೆ ಈ ತೊಡಕು ಮುಂದಿನದಕ್ಕೆ ನಾಂದಿಯಾಗುತ್ತದೆ. ಸಿಲಿಯರಿ ಕಾಯವೇ ಎಳೆತಕ್ಕೆ ಸಿಕ್ಕಿ ಕಣ್ಣಿನ ಒತ್ತಡ ತೀರ ಇಳಿದುಹೋದ ಪ್ರಸಂಗಗಳೂ ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾಗಿವೆ.

ಬೇಗ ಗುರುತಿಸಿದರೆ ಯಾಗ್ ಲೇಸರಿನಿಂದಲೇ ಕಿಂಡಿಯ ಅಂಚಿನಲ್ಲಿ ಮೂರು ನಾಲ್ಕು ಕಡೆ ಕಿರಣಾಕಾರದ ಸೀಳುಗಳನ್ನು ಮಾಡಿ ಬಿಗಿತವನ್ನು ಸಡಿಲಿಸಬಹುದು. ಪದರ ತೀರ ದಪ್ಪವಾಗಿದ್ದರೆ ಶಸ್ತ್ರಕ್ರಿಯೆಯಿಂದ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

ತೂಗುತಂತುಗಳ ದೌರ್ಬಲ್ಯ ಮತ್ತು ಮಸೂರದ ಸ್ಥಾನಪಲ್ಲಟ

ರೋಗಿಗಳನ್ನು ಅತಿ ಹೆಚ್ಚು ಗಾಬರಿಗೊಳಿಸುವ ತೊಡಕು ಇದು. ತೂಗುತಂತುಗಳು ಈ ರೋಗದಲ್ಲಿ ಏಕೆ ದುರ್ಬಲವಾಗುತ್ತವೆ ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಸರ್ವಸಮ್ಮತವಾದ ಉತ್ತರ ಇನ್ನೂ ದೊರೆತಿಲ್ಲ. ದೀರ್ಘಕಾಲದ ಉರಿಯೂತವೂ, ನಶಿಸುತ್ತಿರುವ ಅಕ್ಷಿಪಟಲದಿಂದ ಹೊರಬೀಳುವ ಪದಾರ್ಥಗಳೂ ಅವುಗಳನ್ನು ಸವೆಸುತ್ತವೆ ಎಂಬುದು ಪ್ರಚಲಿತ ಅಭಿಪ್ರಾಯ. ಕೆಲವರಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ, ಕಣ್ಣು ಹೊರಳಿಸಿದಾಗ ಮಸೂರ ನಡುಗುವುದು ಕಾಣಿಸುತ್ತದೆ. ಸಡಿಲವಾದ ನಿಸರ್ಗದತ್ತ ಮಸೂರ ಮುಂದಕ್ಕೆ ಸರಿದು, ಕಣ್ಣಿನ ದ್ರವ ಹೊರಹೋಗುವ ಕೋನವನ್ನು ಮುಚ್ಚಿ, ಹಠಾತ್ತನೆ ಗ್ಲಾಕೋಮಾ ಉಂಟುಮಾಡುವುದೂ ಉಂಟು.

ಕೃತಕ ಮಸೂರ ಚೀಲದ ಸಮೇತ ಜಾರುವುದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ಹಲವು ವರ್ಷಗಳ ನಂತರ. ಒಟ್ಟು ಜನಸಂಖ್ಯೆಯಲ್ಲಿ ಇಂತಹ ತಡವಾದ ಸ್ಥಾನಪಲ್ಲಟಕ್ಕೆ ಮೊದಲನೆಯ ಕಾರಣ ಸೂಡೋಎಕ್ಸ್‌ಫೋಲಿಯೇಶನ್ ಎಂಬ ವಯೋಸಂಬಂಧಿ ಸ್ಥಿತಿ; ಅತಿಯಾದ ಸಮೀಪದೃಷ್ಟಿ, ಕಣ್ಣಿಗೆ ಬಿದ್ದ ಪೆಟ್ಟು, ಹಿಂದೆ ನಡೆದ ವಿಟ್ರಿಯಸ್ ಶಸ್ತ್ರಚಿಕಿತ್ಸೆ ಹಾಗೂ ರೆಟಿನೈಟಿಸ್ ಪಿಗ್ಮೆಂಟೋಸಾ ಅನಂತರದ ಕಾರಣಗಳು. ಇತರರಿಗೆ ಮಸೂರ ಹಾಕುವುದು ಅರುವತ್ತು ಎಪ್ಪತ್ತರಲ್ಲಿ. ಇವರಿಗೆ ನಲವತ್ತರ ಆಸುಪಾಸಿನಲ್ಲಿ. ಆದುದರಿಂದ ಅದೇ ಮಸೂರ, ಅದೇ ದುರ್ಬಲ ತಂತುಗಳ ಆಸರೆಯಲ್ಲಿ, ಇನ್ನೂ ಮೂವತ್ತು ನಲವತ್ತು ವರ್ಷ ನಿಲ್ಲಬೇಕಾಗುತ್ತದೆ.

ಲಕ್ಷಣಗಳು ಸ್ಥಾನಪಲ್ಲಟದ ಪ್ರಮಾಣವನ್ನು ಅವಲಂಬಿಸಿವೆ. ತಂತುಗಳು ಸಡಿಲವಾಗಿದ್ದು ಮಸೂರ ಜಾಗದಲ್ಲಿಯೇ ಇದ್ದರೆ, ತಲೆ ಅಲ್ಲಾಡಿಸಿದಾಗ ನೋಟ ಕಂಪಿಸಿದಂತೆ ಅನುಭವವಾಗಬಹುದು. ಸ್ವಲ್ಪ ಸರಿದರೆ ಮಸೂರದ ಅಂಚು ಪಾಪೆಯೊಳಗೆ ಕಾಣಿಸಿಕೊಂಡು, ದೀಪದ ಸುತ್ತ ಅರ್ಧಚಂದ್ರಾಕಾರದ ಹೊಳಪು ಅಥವಾ ಒಂದೇ ಕಣ್ಣಿನಲ್ಲಿ ಎರಡು ಬಿಂಬಗಳು ಕಾಣುತ್ತವೆ. ಕುಳಿತಾಗ ಒಂದು ಬಗೆ, ಮಲಗಿದಾಗ ಇನ್ನೊಂದು ಬಗೆ ಕಾಣುವುದು ಗಮನಾರ್ಹ ಸುಳಿವು. ಪೂರ್ತಿ ಜಾರಿ ವಿಟ್ರಿಯಸ್ ಲೋಳೆಯೊಳಕ್ಕೆ ಬಿದ್ದರೆ, ಮಸೂರವೇ ಇಲ್ಲದ ಕಣ್ಣಿನಂತೆ, ಎಲ್ಲವೂ ಹಠಾತ್ತನೆ ಮಬ್ಬಾಗುತ್ತದೆ. ಕೊಳವೆಯಷ್ಟೇ ದೃಷ್ಟಿ ಉಳಿದವರಿಗೆ ಇದು ಪೂರ್ಣ ಕುರುಡುತನವೆಂದೇ ತೋರಬಹುದು. ದಪ್ಪ ಪ್ಲಸ್ ಗಾಜನ್ನು ಕಣ್ಣಿನ ಮುಂದೆ ಹಿಡಿದಾಗ ನೋಟ ಮರಳಿದರೆ ತೊಂದರೆ ಅಕ್ಷಿಪಟಲದ್ದಲ್ಲ, ಮಸೂರದ್ದು ಎಂಬುದು ಸ್ಪಷ್ಟವಾಗುತ್ತದೆ. ಪಾಪೆಯನ್ನು ಹಿಗ್ಗಿಸಿ ಪರೀಕ್ಷಿಸಿದಾಗ ಉಳಿದ ವಿವರಗಳು ತಿಳಿಯುತ್ತವೆ.

ಚಿಕಿತ್ಸೆಗೆ ಹಲವು ದಾರಿಗಳಿವೆ. ಅಲ್ಪ ಪ್ರಮಾಣದ ಸರಿಯುವಿಕೆಯಿಂದ ತೊಂದರೆಯಿಲ್ಲದಿದ್ದರೆ ಗಮನವಿರಿಸಿ ಕಾಯಬಹುದು. ಚೀಲ ಮತ್ತು ಮಸೂರ ಗಟ್ಟಿಯಾಗಿದ್ದರೆ ಅವನ್ನು ಮತ್ತೆ ನಡುವಿಗೆ ತಂದು ಕಣ್ಣಿನ ಬಿಳಿಯ ಗೋಡೆಗೆ ಹೊಲಿಗೆಯಿಂದ ಕಟ್ಟಬಹುದು. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಚೀಲದೊಳಗೆ ಉಂಗುರವನ್ನು ಇರಿಸಿದ್ದರೆ ಹೊಲಿಗೆಗೆ ಅದೇ ಆಸರೆಯಾಗುತ್ತದೆ. ಇಲ್ಲವಾದರೆ ಹಳೆಯ ಮಸೂರವನ್ನು ತೆಗೆದು ಬೇರೊಂದನ್ನು ಅಳವಡಿಸಬೇಕು. ಐರಿಸ್‌ಗೆ ಕಚ್ಚಿಕೊಳ್ಳುವ ಮಸೂರ, ಬಿಳಿಗೋಡೆಗೆ ಹೊಲಿಯುವ ಮಸೂರ, ಬಿಳಿಗೋಡೆಯೊಳಗೇ ಮಸೂರದ ತೋಳುಗಳನ್ನು ಹುದುಗಿಸುವ ವಿಧಾನ ಎಂದು ಆಯ್ಕೆಗಳಿವೆ. ಕೊನೆಯ ವಿಧಾನದ ಬೆಳವಣಿಗೆಯಲ್ಲಿ ಚೆನ್ನೈನ ಅಮರ್ ಅಗರ್ವಾಲ್ ಅವರ ಕೊಡುಗೆ ದೊಡ್ಡದು. ಫೈಬ್ರಿನ್ ಅಂಟಿನ ನೆರವಿನಿಂದ ಮಸೂರವನ್ನು ನಿಲ್ಲಿಸುವ ಕ್ರಮವನ್ನು ಅವರು 2007ರಲ್ಲಿ ಆರಂಭಿಸಿದರು. ಜಪಾನಿನ ಶಿನ್ ಯಮಾನೆ 2017ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಹೊಲಿಗೆಯೂ ಬೇಡ, ಅಂಟೂ ಬೇಡ: ತೆಳು ಸೂಜಿಗಳ ಮೂಲಕ ತೋಳುಗಳ ತುದಿಯನ್ನು ಹೊರಗೆಳೆದು, ಶಾಖದಿಂದ ಗುಂಡಿಯಂತೆ ಉಬ್ಬಿಸಿ, ಗೋಡೆಯೊಳಗೆ ಸಿಕ್ಕಿಸುತ್ತಾರೆ. ತೂಗುತಂತುಗಳ ಹಂಗೇ ಇಲ್ಲದಿರುವುದು ಈ ವಿಧಾನಗಳ ಹೆಚ್ಚಳ. ಇವೆಲ್ಲವೂ ಮೊದಲ ಪೊರೆ ಶಸ್ತ್ರಚಿಕಿತ್ಸೆಗಿಂತ ಕ್ಲಿಷ್ಟವಾದವು; ಮಸೂರ ಹಿಂದಕ್ಕೆ ಬಿದ್ದಿದ್ದರೆ ಅಕ್ಷಿಪಟಲ ತಜ್ಞರು ವಿಟ್ರಿಯಸ್ ಲೋಳೆಯನ್ನು ತೆಗೆದು ಅದನ್ನು ಮೇಲೆತ್ತಬೇಕಾಗುತ್ತದೆ.

ಮ್ಯಾಕ್ಯುಲಾದ ಬಾವು

ಮ್ಯಾಕ್ಯುಲಾದ ಪದರಗಳ ನಡುವೆ ದ್ರವ ತುಂಬಿ ಸಣ್ಣ ಗುಳ್ಳೆಗಳಂತಾಗುವುದು ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆಯೂ ಬರುತ್ತದೆ. ವಿವಿಧ ಅಧ್ಯಯನಗಳ ಪ್ರಕಾರ ಶೇಕಡಾ 10ರಿಂದ 50ರಷ್ಟು ರೋಗಿಗಳಲ್ಲಿ ಇದು ಕಂಡುಬಂದಿದೆ. ಶಸ್ತ್ರಚಿಕಿತ್ಸೆಯ ಉರಿಯೂತ ಅದನ್ನು ಹೆಚ್ಚಿಸಬಹುದು ಅಥವಾ ಹೊಸದಾಗಿ ತರಬಹುದು. ಒಸಿಟಿ ಎಂಬ ಸ್ಕ್ಯಾನಿನಿಂದ ಇದನ್ನು ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಪತ್ತೆಮಾಡಬಹುದು. ಸ್ಟೀರಾಯ್ಡ್ ಮತ್ತು ಸ್ಟೀರಾಯ್ಡೇತರ ಉರಿಯೂತನಾಶಕ ಹನಿಗಳ ಜೊತೆಗೆ, ಈ ರೋಗದ ಬಾವಿಗೆ ವಿಶೇಷವಾಗಿ ಉಪಯೋಗಕ್ಕೆ ಬರುವುದು ಡಾರ್ಜೋಲಮೈಡ್ ಹನಿಗಳು ಮತ್ತು ಅಸಿಟಜೋಲಮೈಡ್ ಮಾತ್ರೆಗಳು.

ಶಸ್ತ್ರಚಿಕಿತ್ಸೆಯ ಯೋಜನೆ

ಮೇಲೆ ಹೇಳಿದ ತೊಡಕುಗಳನ್ನು ಪೂರ್ಣವಾಗಿ ತಪ್ಪಿಸಲಾಗದಿದ್ದರೂ ಮುನ್ನೆಚ್ಚರಿಕೆಯಿಂದ ಕಡಿಮೆಮಾಡಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ಒಸಿಟಿಯಿಂದ ಮ್ಯಾಕ್ಯುಲಾದ ಶಂಕುಕೋಶಗಳ ಪದರ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಆ ಪದರ ಅಖಂಡವಾಗಿದ್ದಷ್ಟೂ ಫಲಿತಾಂಶ ಉತ್ತಮ. ಬಾವು ಇದ್ದರೆ ಮೊದಲು ಅದಕ್ಕೆ ಔಷಧ ಕೊಡುತ್ತಾರೆ. ಪೊರೆ ತೆಗೆಯುವುದರಿಂದ ಮಬ್ಬು ಮತ್ತು ಕೋರೈಸುವಿಕೆ ಕಡಿಮೆಯಾಗುತ್ತವೆಯೇ ಹೊರತು ಕಳೆದುಹೋದ ಅಂಚಿನ ದೃಷ್ಟಿಯಾಗಲಿ ಇರುಳುನೋಟವಾಗಲಿ ಮರಳುವುದಿಲ್ಲ ಎಂಬುದನ್ನು ರೋಗಿಗೂ ಮನೆಯವರಿಗೂ ಮುಂಚಿತವಾಗಿ ತಿಳಿಸುವುದು ವೈದ್ಯರ ಹೊಣೆ.

ಶಸ್ತ್ರಕ್ರಿಯೆಯ ವೇಳೆ ಮುಂಬದಿಯ ಕಿಂಡಿ ತೀರ ಚಿಕ್ಕದಾಗದಂತೆ, ಆದರೆ ಮಸೂರದ ಅಂಚನ್ನು ಮುಚ್ಚುವಷ್ಟು ಇರುವಂತೆ, 5ರಿಂದ 5.5 ಮಿಲಿಮೀಟರ್ ಅಳತೆಯಲ್ಲಿ ತೆಗೆಯುವುದು, ಕಿಂಡಿಯ ಅಂಚಿನ ಕೆಳಗಿನ ಜೀವಕೋಶಗಳನ್ನು ಒರೆಸಿ ತೆಗೆಯುವುದು, ತಂತುಗಳ ಮೇಲೆ ಎಳೆತ ಬೀಳದಂತೆ ಮಸೂರವನ್ನು ಮೆಲ್ಲಗೆ ತಿರುಗಿಸುವುದು, ಸೂಕ್ಷ್ಮದರ್ಶಕದ ಬೆಳಕನ್ನು ಸಾಧ್ಯವಾದಷ್ಟು ಮಂದವಾಗಿಡುವುದು ಮುಖ್ಯ. ಕ್ಯಾಪ್ಸುಲರ್ ಟೆನ್ಶನ್ ರಿಂಗ್ ಎಂಬ, ಬಾಯಿ ತೆರೆದ ಬಳೆಯಂಥ ಉಂಗುರವನ್ನು ಚೀಲದೊಳಗೆ ಇರಿಸಿದರೆ ಅದು ಚೀಲವನ್ನು ದುಂಡಗೆ ಹಿಗ್ಗಿಸಿ ಹಿಡಿದು, ಭಾರವನ್ನು ಎಲ್ಲ ತಂತುಗಳಿಗೂ ಹಂಚುತ್ತದೆ. 1990ರ ದಶಕದ ಆದಿಯಲ್ಲಿ ಬಳಕೆಗೆ ಬಂದ ಈ ಉಂಗುರವನ್ನು ಈ ರೋಗದ ಎಲ್ಲರಿಗೂ ಹಾಕಬೇಕೇ, ದೌರ್ಬಲ್ಯ ಕಂಡವರಿಗೆ ಮಾತ್ರವೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಉಂಗುರವಿದ್ದೂ ಚೀಲ ಸಂಕುಚಿಸಿದ, ಮಸೂರ ಜಾರಿದ ಉದಾಹರಣೆಗಳಿವೆ.

ಮಸೂರದ ಆಯ್ಕೆಯಲ್ಲಿ ದುಬಾರಿಯಾದುದೇ ಒಳ್ಳೆಯದೆಂಬ ನಂಬಿಕೆ ಇಲ್ಲಿ ಸಲ್ಲದು. ದೂರ ಹತ್ತಿರ ಎರಡನ್ನೂ ಕನ್ನಡಕವಿಲ್ಲದೆ ತೋರಿಸುವ ಬಹುನಾಭಿ ಮಸೂರಗಳು ಬೆಳಕನ್ನು ಹಂಚಿಬಿಡುವುದರಿಂದ ಕಪ್ಪು ಬಿಳುಪಿನ ವ್ಯತ್ಯಾಸವನ್ನು ಗ್ರಹಿಸುವ ಶಕ್ತಿ ತಗ್ಗುತ್ತದೆ. ಆ ಶಕ್ತಿಯೇ ಕುಂದಿರುವ ಇವರಿಗೆ ಅವನ್ನು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ. ಮಸೂರ ಸ್ವಲ್ಪ ಓರೆಯಾದರೂ ಅವುಗಳ ಪ್ರಯೋಜನ ಕೆಡುತ್ತದೆ. ಏಕನಾಭಿಯ ಅಕ್ರಿಲಿಕ್ ಮಸೂರವೇ ಹೆಚ್ಚು ಬಳಕೆಯಲ್ಲಿದೆ. ಸಿಲಿಕೋನ್ ಮಸೂರಗಳಲ್ಲಿ, ಅದರಲ್ಲಿಯೂ ತಟ್ಟೆಯಾಕಾರದವುಗಳಲ್ಲಿ, ಚೀಲದ ಸಂಕೋಚ ಹೆಚ್ಚೆಂದು ಕಂಡುಬಂದಿರುವುದರಿಂದ ಅವನ್ನು ದೂರವಿಡುತ್ತಾರೆ. ನೀಲಿ ಬೆಳಕನ್ನು ತಡೆಯುವ ಹಳದಿ ಛಾಯೆಯ ಮಸೂರಗಳು ಅಕ್ಷಿಪಟಲವನ್ನು ಕಾಪಾಡುತ್ತವೆ ಎಂಬ ಪ್ರಚಾರವಿದೆ. ಈ ರೋಗದ ಗತಿಯನ್ನು ಅವು ನಿಧಾನಗೊಳಿಸುತ್ತವೆ ಎಂಬುದು ಸಾಬೀತಾಗಿಲ್ಲ.

ರೋಗದ ಉಲ್ಬಣವೋ, ಮಸೂರದ ತೊಡಕೋ

ರೆಟಿನೈಟಿಸ್ ಪಿಗ್ಮೆಂಟೋಸಾ ನಿಧಾನಗತಿಯ ರೋಗ. ಅದರಿಂದಾಗುವ ಇಳಿಕೆ ವರ್ಷಗಳ ಲೆಕ್ಕದಲ್ಲಿ, ಸಾಮಾನ್ಯವಾಗಿ ಎರಡೂ ಕಣ್ಣುಗಳಲ್ಲಿ ಸಮಸಮವಾಗಿ ಗೊತ್ತಾಗುತ್ತದೆ. ದಿನಗಳಲ್ಲಿ ಅಥವಾ ವಾರಗಳಲ್ಲಿ ನೋಟ ಕುಸಿದರೆ, ಒಂದೇ ಕಣ್ಣಿನಲ್ಲಿ ಬದಲಾವಣೆ ಕಂಡರೆ, ಬಿಂಬ ಎರಡಾದರೆ ಅಥವಾ ಅಲುಗಾಡಿದರೆ, ಕನ್ನಡಕದ ಸಂಖ್ಯೆ ಥಟ್ಟನೆ ಬದಲಾದರೆ, ಶಸ್ತ್ರಚಿಕಿತ್ಸೆಯ ನಂತರ ಇಲ್ಲವಾಗಿದ್ದ ಕೋರೈಸುವಿಕೆ ಮರಳಿದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಹಠಾತ್ ನೋವು, ಕೆಂಪು, ಮಿಂಚು ಅಥವಾ ಪರದೆ ಇಳಿದಂಥ ಅನುಭವ ತುರ್ತು ಪರೀಕ್ಷೆಯನ್ನು ಬೇಡುತ್ತವೆ.

ಮನೆಯಲ್ಲಿ ಅಣ್ಣನಿಗೋ ಸೋದರಮಾವನಿಗೋ ಇದೇ ರೋಗದಿಂದ ದೃಷ್ಟಿ ಹೋದುದನ್ನು ಕಂಡವರು ತಮ್ಮ ಪಾಲಿಗೂ ಅದೇ ಸರದಿ ಬಂತೆಂದು ತಿಳಿದು, ಆಸ್ಪತ್ರೆಗೆ ಹೋಗುವುದನ್ನೇ ಬಿಡುವುದುಂಟು. ಲೇಸರಿನಿಂದ ಅರ್ಧ ಗಂಟೆಯಲ್ಲಿ ನೀಗಬಹುದಾದ ಮಬ್ಬನ್ನು ಹಣೆಬರಹವೆಂದು ವರ್ಷಗಟ್ಟಲೆ ಹೊತ್ತುಕೊಂಡಿರುವುದು ಈ ರೋಗದ ಅತ್ಯಂತ ವ್ಯರ್ಥವಾದ ನಷ್ಟ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಆರು ತಿಂಗಳು ಪದೇ ಪದೇ, ಅನಂತರ ಜೀವಮಾನವಿಡೀ ವರ್ಷಕ್ಕೊಮ್ಮೆಯಾದರೂ, ಪಾಪೆಯನ್ನು ಹಿಗ್ಗಿಸಿ ಮಸೂರದ ಸ್ಥಾನವನ್ನು ನೋಡಿಸಿಕೊಳ್ಳುವುದು ಅಪೇಕ್ಷಣೀಯ. ಹಾಕಿದ ಮಸೂರದ ಹೆಸರು, ಶಕ್ತಿ, ಉಂಗುರ ಇರಿಸಿದ್ದರೆ ಅದರ ವಿವರ ಇರುವ ಚೀಟಿಯನ್ನು ಜೋಪಾನವಾಗಿಟ್ಟರೆ ಹತ್ತಿಪ್ಪತ್ತು ವರ್ಷಗಳ ಮೇಲೆ ಬೇರೆ ಊರಿನ ಬೇರೆ ವೈದ್ಯರಿಗೂ ಉಪಯೋಗವಾಗುತ್ತದೆ.

ಸಂಬಂಧಿತ ಸ್ಥಿತಿಗಳು

ಹುಟ್ಟುಗಿವುಡಿನೊಡನೆ ರೆಟಿನೈಟಿಸ್ ಪಿಗ್ಮೆಂಟೋಸಾ ಬರುವ ಅಷರ್ ಲಕ್ಷಣಕೂಟದಲ್ಲಿಯೂ ಇದೇ ಬಗೆಯ ಪೊರೆ ಮತ್ತು ತೊಡಕುಗಳು ಕಂಡುಬರುತ್ತವೆ. ಇಂಥವರಿಗೆ ತುಟಿಚಲನೆ ಮತ್ತು ಕೈಸನ್ನೆಗಳನ್ನು ನೋಡಿ ಮಾತನ್ನು ಗ್ರಹಿಸುವುದಕ್ಕೂ ಉಳಿದ ನಡುದೃಷ್ಟಿಯೇ ಆಧಾರ. ಆರ್ನಿಥಿನ್ ಎಂಬ ಅಮೈನೋ ಆಮ್ಲ ರಕ್ತದಲ್ಲಿ ಹೆಚ್ಚಾಗುವುದರಿಂದ ಬರುವ ಗೈರೇಟ್ ಆಟ್ರೊಫಿ ಎಂಬ ಅಪರೂಪದ ಆನುವಂಶಿಕ ರೋಗದಲ್ಲಿ ಪೊರೆ ಇನ್ನೂ ಎಳೆಯ ವಯಸ್ಸಿನಲ್ಲಿ ಬರುತ್ತದೆ.

ಆರ್‌ಪಿಇ65 ಎಂಬ ಜೀನಿನ ದೋಷವುಳ್ಳವರಿಗಾಗಿ ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಅನುಮೋದನೆ ಪಡೆದ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆಯಲ್ಲಿ ವಿಟ್ರಿಯಸ್ ಲೋಳೆಯನ್ನು ತೆಗೆದು ಅಕ್ಷಿಪಟಲದ ಕೆಳಗೆ ಔಷಧವನ್ನು ಚುಚ್ಚುತ್ತಾರೆ. ಪೊರೆ ಬರುವುದು ಅದರ ಪಟ್ಟಿಮಾಡಿದ ಅಡ್ಡಪರಿಣಾಮಗಳಲ್ಲಿ ಒಂದು. ವಿಟ್ರಿಯಸ್ ತೆಗೆದ ಕಣ್ಣಿನಲ್ಲಿ ಕೃತಕ ಮಸೂರ ತಡವಾಗಿ ಜಾರುವ ಸಂಭವ ಹೆಚ್ಚಾಗಿರುವುದರಿಂದ, ಇಂತಹ ಚಿಕಿತ್ಸೆ ಪಡೆದ ಎಳೆಯರ ಕಣ್ಣುಗಳಿಗೂ ಮೇಲಿನ ಎಚ್ಚರಿಕೆಗಳು ಅನ್ವಯಿಸುತ್ತವೆ.